ಪೆಡಲಿನ ಕೆಳಗೆ ಅಡಗಿದ ಗಾಳಿ

ಬೇಸಿಗೆಯ ರಜೆಯಲ್ಲಿ ಹುಮನಾಬಾದಿನ ರಸ್ತೆ ಹಿಡಿದು ಹೋಗಿ, ಕಮಲಾಪುರದಲ್ಲಿ ಹೆಸರಾಂತ ಕೆಂಪು ಬಾಳೆಹಣ್ಣನ್ನು ಕೊಂಡು, ಮನೆಮಂದಿಯನ್ನೆಲ್ಲ ಹೊತ್ತು ಕಲಬುರಗಿಗೆ ಮರಳುವ ಹಳೆಯ ವ್ಯಾನುಗಳು ಇಂದಿಗೂ ಉಂಟು. ಊರು ಸಮೀಪಿಸಿ ಜನಸಂದಣಿ ಹೆಚ್ಚಿದಂತೆ ಬ್ರೇಕಿನ ಮೇಲೆ ಪದೇ ಪದೇ ಕಾಲಿಡಬೇಕಾಗುತ್ತದೆ. ಆಗ ಚಾಲಕನಿಗೆ, ಪೆಡಲು ಬೆಳಗಿನಂತಿಲ್ಲವೆಂಬ ಅನುಮಾನ ಹುಟ್ಟಬಹುದು. ಹತ್ತಿಯ ದಿಂಬನ್ನು ತುಳಿದಂತೆ ಅದು ಮೆತ್ತಗೆ ಕೆಳಗಿಳಿಯುತ್ತದೆ. ಎರಡನೆಯ ಸಲ, ಮೂರನೆಯ ಸಲ ಒತ್ತಿದ ಮೇಲೆ ವ್ಯಾನು ನಿಲ್ಲುತ್ತದೆ. ಹೇಗೋ ಮನೆ ಸೇರಿದ್ದಾಯಿತು. ಮರುದಿನ ಬೆಳಗ್ಗೆ ನೋಡಿದರೆ ಪೆಡಲು ಕಲ್ಲಿನಂತೆ ಗಟ್ಟಿ! "ನಿನ್ನೆಯ ಬಿಸಿಲಿಗೆ ಹಾಗಾಗಿತ್ತು" ಎಂದು ಯಜಮಾನರು ಸಮಾಧಾನ ಹೇಳುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಅಲ್ಲಿಗೆ ಮುಗಿಯಬಾರದು. ಸದಾ ಮೆತ್ತಗಿರುವ ಪೆಡಲು ಮಾಲೀಕನನ್ನು ತಾನಾಗಿಯೇ ಮಿಸ್ತ್ರಿಯ ಬಳಿಗೆ ಅಟ್ಟುತ್ತದೆ. ಸಂಜೆ ಕೆಟ್ಟು ಬೆಳಗ್ಗೆ ವಾಸಿಯಾಗುವ ಪೆಡಲು ಅವನನ್ನು ನಂಬಿಸಿ ಮೋಸಮಾಡುತ್ತದೆ. ಬ್ರೇಕಿನ ಕೊಳವೆಗಳಲ್ಲಿ ದ್ರವವಲ್ಲದ ಇನ್ನೇನೋ ಸೇರಿಕೊಂಡಿದೆಯೆಂಬುದಕ್ಕೆ ಅದೇ ಸಾಕ್ಷಿ. ಅದನ್ನು ಹೊರದೂಡುವ ಕೆಲಸಕ್ಕೆ ಮಿಸ್ತ್ರಿಗಳ ಭಾಷೆಯಲ್ಲಿ "ಬ್ಲೀಡಿಂಗ್" ಎಂದೂ, ಸರಳವಾಗಿ "ಏರ್ ತೆಗೆಯುವುದು" ಎಂದೂ ಹೆಸರು. ಇಬ್ಬರು ಮನುಷ್ಯರು, ಒಂದು ಪಾನಾ, ಒಂದು ಗಾಜಿನ ಸೀಸೆ, ಒಂದು ತೆಳು ಕೊಳವೆ ಇದ್ದರೆ ಮನೆಯಂಗಳದಲ್ಲಿಯೇ ಆಗುವ ಕೆಲಸವಿದು. ಆದರೆ ಅದನ್ನು ಕೈಗೆತ್ತಿಕೊಳ್ಳುವವನು, ಅದರಿಂದ ಆಗುವುದೇನು, ಆಗದಿರುವುದೇನು ಎಂಬೆರಡನ್ನೂ ಅರಿತಿರಬೇಕು.

ನಮ್ಮ ನಾಡಿನಲ್ಲಿ "ಹಳೆಯ ವ್ಯಾನು" ಎಂದೊಡನೆ ಎರಡು ಹೆಸರುಗಳು ನೆನಪಿಗೆ ಬರುತ್ತವೆ. ಬಜಾಜ್ ಟೆಂಪೋ ಸಂಸ್ಥೆ 1969ರಲ್ಲಿ ಹೊರತಂದ ಮೆಟಡೋರ್ ಒಂದು. ಮದುವೆಯ ದಿಬ್ಬಣದಿಂದ ಸಂತೆಯ ಸಾಮಾನಿನವರೆಗೆ ಅದು ಹೊರದ ಹೊರೆಯಿಲ್ಲ. ಮತ್ತೊಂದು 1984ರಲ್ಲಿ ಬಂದ ಮಾರುತಿ ವ್ಯಾನು. ಮುಂದೆ ಓಮ್ನಿ ಎಂದು ಹೆಸರು ಪಡೆದು, 2019ರಲ್ಲಿ ತಯಾರಿಕೆ ನಿಲ್ಲುವವರೆಗೂ ಅದು ಮಧ್ಯಮ ವರ್ಗದ ಮನೆಗಳ ಬಂಡಿಯಾಗಿಯೂ, ಶಾಲೆಯ ಮಕ್ಕಳ ಬಂಡಿಯಾಗಿಯೂ ದುಡಿಯಿತು. ಖಾಸಗಿ ವಾಹನದ ನೋಂದಣಿಗೆ 15 ವರ್ಷಗಳ ಅವಧಿ. ಆಮೇಲೆ ಪರೀಕ್ಷೆಗೆ ಒಡ್ಡಿ, 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಹೀಗೆ ನವೀಕರಣಗೊಂಡು ಓಡುತ್ತಿರುವ ವ್ಯಾನುಗಳಿಗೆ ಎಂಜಿನ್ನಿನ ಸೇವೆ ತಪ್ಪದೆ ನಡೆಯುತ್ತದೆ, ಹೊಸ ಸೀಟಿನ ಕವರು ಕೂಡ ಬರುತ್ತದೆ. ಬ್ರೇಕಿನ ಆಯಿಲು ಮಾತ್ರ ಕೊಂಡ ವರ್ಷದ್ದೇ ಉಳಿದಿರುವುದುಂಟು.

ಪೆಡಲಿಗೂ ಚಕ್ರಕ್ಕೂ ನಡುವೆ ಸರಳಾಗಲಿ ತಂತಿಯಾಗಲಿ ಇರುವುದಿಲ್ಲ. ಪೆಡಲು ಮಾಸ್ಟರ್ ಸಿಲಿಂಡರಿನೊಳಗಿನ ಒಂದು ಪಿಸ್ಟನ್ನನ್ನು ನೂಕುತ್ತದೆ. ಅದರ ಮುಂದಿರುವ ದ್ರವ ಸಣ್ಣ ಕೊಳವೆಗಳಲ್ಲಿ ಹರಿದು ಪ್ರತಿ ಚಕ್ರದ ಬಳಿಯಿರುವ ಪಿಸ್ಟನ್ನನ್ನು ನೂಕುತ್ತದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ತೋರಿಸಿಕೊಟ್ಟಿದ್ದ. ಆ ತತ್ತ್ವವನ್ನು ಮೋಟಾರಿಗೆ ಅಳವಡಿಸಿದವರಲ್ಲಿ ಅಮೆರಿಕದ ಮಾಲ್ಕಂ ಲಾಕ್‌ಹೀಡ್ ಪ್ರಮುಖನು. 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ಇಂತಹ ಬ್ರೇಕುಗಳಿದ್ದವು. ಆ ಕಾಲದ ಬ್ರೇಕ್ ಆಯಿಲು ಯಾವುದು ಬಲ್ಲಿರಾ? ನಮ್ಮ ಔಡಲೆಣ್ಣೆಯೇ! ಅದಕ್ಕೆ ಆಲ್ಕೋಹಾಲನ್ನು ಬೆರೆಸಿ ತೆಳುವಾಗಿಸುತ್ತಿದ್ದರು. ಅಜ್ಜಿಯರು ಮಕ್ಕಳ ಬಾಯಿಗೆ ಬಲವಂತವಾಗಿ ಸುರಿಯುತ್ತಿದ್ದ ಎಣ್ಣೆ ಪರದೇಶದ ಮೋಟಾರುಗಳನ್ನು ನಿಲ್ಲಿಸುತ್ತಿತ್ತೆಂದರೆ ವಿಚಿತ್ರವೆನಿಸೀತು. ಈಗಿನ ಆಯಿಲು ಗ್ಲೈಕಾಲ್ ಜಾತಿಯ ರಾಸಾಯನಿಕಗಳಿಂದಾದದ್ದು. ಹೆಸರಿನಲ್ಲಷ್ಟೇ ಅದು ಎಣ್ಣೆ.

ಇದರ ಲೆಕ್ಕಾಚಾರ ಸ್ವಾರಸ್ಯವಾಗಿದೆ. ಚಾಲಕ ಪೆಡಲನ್ನು 20 ಕಿಲೋ ಭಾರದಿಂದ ಒತ್ತಿದನೆನ್ನೋಣ. ಪೆಡಲು ಒಂದು ಸನ್ನೆಗೋಲು. ಅದು ನಾಲ್ಕು ಪಟ್ಟು ಹೆಚ್ಚಿಸಿದರೆ ಮಾಸ್ಟರ್ ಸಿಲಿಂಡರಿಗೆ ಬೀಳುವುದು 80 ಕಿಲೋ. ಅಲ್ಲಿಯ ಪಿಸ್ಟನ್ನಿನ ವಿಸ್ತಾರ 4 ಚದರ ಸೆಂಟಿಮೀಟರಾದರೆ, ಪ್ರತಿ ಚದರ ಸೆಂಟಿಮೀಟರಿಗೆ 20 ಕಿಲೋ ಒತ್ತಡ. ಚಕ್ರದ ಬಳಿಯ ಪಿಸ್ಟನ್ನು 20 ಚದರ ಸೆಂಟಿಮೀಟರು ಇದ್ದರೆ ಅದರ ಮೇಲೆ 400 ಕಿಲೋ! ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆ ಕೊಡುವುದಿಲ್ಲ. ಬಲ ಇಪ್ಪತ್ತು ಪಟ್ಟಾದರೆ ಚಲನೆ ಇಪ್ಪತ್ತರಲ್ಲೊಂದು ಪಾಲಾಗುತ್ತದೆ. ಎಂದರೆ, ಬ್ರೇಕು ಹಿಡಿಯುವಾಗ ಕೊಳವೆಗಳಲ್ಲಿ ಸರಿದಾಡುವ ದ್ರವ ಕೆಲವೇ ಚಮಚಗಳಷ್ಟು. ದ್ರವ ಒತ್ತಿದರೆ ಕುಗ್ಗದೆಂಬ ಒಂದೇ ಭರವಸೆಯ ಮೇಲೆ ಈ ಏರ್ಪಾಡೆಲ್ಲ ನಿಂತಿದೆ.

ಗಾಳಿಯಾದರೋ ಕುಗ್ಗುತ್ತದೆ. ಸಣ್ಣ ದ್ರಾಕ್ಷಿಯಷ್ಟು, ಎಂದರೆ 2 ಘನ ಸೆಂಟಿಮೀಟರು ಗಾಳಿ ಕೊಳವೆಯಲ್ಲಿದ್ದರೆ, ಮೇಲೆ ಹೇಳಿದ ಒತ್ತಡಕ್ಕೆ ಅದು ಸಾಸಿವೆ ಕಾಳುಗಳಷ್ಟಾಗಿ ಮುದುಡುತ್ತದೆ. ಅದು ಬಿಟ್ಟುಕೊಟ್ಟ ಜಾಗವನ್ನು ತುಂಬಲು ಪೆಡಲು ಸುಮಾರು 2 ಸೆಂಟಿಮೀಟರು ವ್ಯರ್ಥವಾಗಿ ಕೆಳಗಿಳಿಯಬೇಕು. ಅಂತಹ ಎರಡು ಮೂರು ಗುಳ್ಳೆಗಳಿದ್ದರೆ ಪೆಡಲು ನೆಲ ಮುಟ್ಟುತ್ತದೆ. ಚಕ್ರ ತಿರುಗುತ್ತಲೇ ಇರುತ್ತದೆ.

ಹಾಗಾದರೆ ಬೆಳಗ್ಗೆ ಗಟ್ಟಿಯಾಗಿದ್ದ ಪೆಡಲು ಸಂಜೆ ಮೆತ್ತಗಾಗುವುದೇಕೆ? ಗ್ಲೈಕಾಲಿನ ಆಯಿಲಿಗೆ ಒಂದು ಚಟವುಂಟು: ಅದು ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲಗಳು ಕಳೆದಂತೆಲ್ಲ ರಬ್ಬರಿನ ಕೊಳವೆಗಳ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ತೇವ ಒಳಸೇರುತ್ತದೆ. ಡಾಟ್ 3 ಎಂಬ ಗುರುತಿನ ಹೊಸ ಆಯಿಲು ಕಡಿಮೆಯೆಂದರೆ 205 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯದಿರಬೇಕೆಂಬುದು ನಿಯಮ. ಅದರಲ್ಲಿ ಶೇಕಡಾ 4ಕ್ಕೂ ಕಡಿಮೆ ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಇನ್ನು ಬ್ರೇಕಿನಲ್ಲಿ ಹುಟ್ಟುವ ಶಾಖವನ್ನು ನೋಡೋಣ. ಜನರು ಸೇರಿ 1200 ಕಿಲೋ ತೂಗುವ ವ್ಯಾನನ್ನು 60 ಕಿಲೋಮೀಟರ್ ವೇಗದಿಂದ ಒಮ್ಮೆ ನಿಲ್ಲಿಸಿದಾಗ ಹೊರಡುವ ಶಾಖ, ಅರ್ಧ ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹಂತಕ್ಕೆ ತರಬಲ್ಲುದು. ಪಾತ್ರೆ ಭರ್ತಿ ಚಹಾ!

ಬಯಲುಸೀಮೆಯ ಸಮನಾದ ರಸ್ತೆಯಲ್ಲಿ, ಸುಸ್ಥಿತಿಯಲ್ಲಿರುವ ಬ್ರೇಕು ಈ ಶಾಖವನ್ನು ಗಾಳಿಗೆ ಬಿಟ್ಟುಕೊಂಡು ತಣ್ಣಗಿರುತ್ತದೆ. ಆದರೆ ಯಾವುದೋ ಒಂದು ಚಕ್ರದ ಲೈನರು ಸಡಿಲಗೊಳ್ಳದೆ ಡ್ರಮ್ಮಿಗೆ ಸದಾ ಉಜ್ಜುತ್ತಿದ್ದರೆ, ಇಲ್ಲವೆ ಹ್ಯಾಂಡ್‌ಬ್ರೇಕು ಅರ್ಧ ಎಳೆದಂತೆಯೇ ಉಳಿದಿದ್ದರೆ, ಹೊರಗಿನ 40 ಡಿಗ್ರಿಯ ಬಿಸಿಲೂ ಸೇರಿ, ಆ ಚಕ್ರದ ಬಳಿಯ ಮುದಿ ಆಯಿಲು ಕುದಿಯಲು ತೊಡಗುತ್ತದೆ. ಕುದಿದಾಗ ಏಳುವ ಆವಿಯೂ ಗಾಳಿಯಂತೆಯೇ ಕುಗ್ಗುವಂಥದು. ರಾತ್ರಿ ತಣ್ಣಗಾದಾಗ ಆವಿ ಮತ್ತೆ ದ್ರವವಾಗುತ್ತದೆ, ಪೆಡಲು ಗಟ್ಟಿಯಾಗುತ್ತದೆ. ಬಿಸಿಲನ್ನು ದೂರಿದ ಯಜಮಾನರ ಮಾತು ಅರ್ಧ ನಿಜ. ಉಳಿದರ್ಧ ನಿಜ ವ್ಯಾನಿನ ಆಯಿಲಿನಲ್ಲಿದೆ. ಪ್ರಯಾಣ ಮುಗಿದೊಡನೆ ನಾಲ್ಕು ಚಕ್ರಗಳ ಬಳಿ, ಮುಟ್ಟದೆ, ಅಂಗೈ ಹಿಡಿದು ನೋಡಿದರೆ ಉಜ್ಜುತ್ತಿರುವ ಚಕ್ರ ತನ್ನ ಕಾವಿನಿಂದಲೇ ಗುರುತು ಹೇಳುತ್ತದೆ.

ಇದಲ್ಲದೆ ನಿಜವಾದ ಗಾಳಿಯೂ ಒಳಹೊಗಬಹುದು. 1347ರಲ್ಲಿ ಬಹಮನಿ ಸುಲ್ತಾನ ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡ ಕಲಬುರಗಿಯ ಕೋಟೆಯನ್ನು ಕಂಡವರು ಅದರ ಎರಡು ಸುತ್ತಿನ ಗೋಡೆ, ಅಗಲವಾದ ಕಂದಕಗಳನ್ನು ಬಲ್ಲರು. ಎಷ್ಟು ದಪ್ಪ ಗೋಡೆಯಿದ್ದರೇನು, ದಿಡ್ಡಿ ಬಾಗಿಲೊಂದು ತೆರೆದಿದ್ದರೆ ಸಾಕಲ್ಲವೆ? ಬ್ರೇಕಿನ ಏರ್ಪಾಡೂ ಮುಚ್ಚಿದ ಕೋಟೆಯೇ. ಅದರ ದಿಡ್ಡಿಗಳು ಇವು: ಬತ್ತಿಹೋದ ಆಯಿಲಿನ ಡಬ್ಬಿ, ಸವೆದ ರಬ್ಬರಿನ ಕಪ್ಪು, ತುಕ್ಕು ತಿಂದ ಕೊಳವೆ, ದುರಸ್ತಿಗೆಂದು ಬಿಚ್ಚಿ ಜೋಡಿಸಿದ ಕೂಡುಸ್ಥಾನ. ಸವೆದ ಕಪ್ಪಿನ ಚೇಷ್ಟೆ ವಿಶೇಷವಾದುದು. ಒತ್ತುವಾಗ ಆಯಿಲನ್ನು ಹೊರಬಿಡದೆ, ಪೆಡಲು ಬಿಡುವಾಗ ಗುಟುಕು ಗಾಳಿಯನ್ನು ಅದು ಒಳಗೆಳೆದುಕೊಳ್ಳಬಹುದು. ಇಂತಹ ವ್ಯಾನಿನ ಏರ್ ತೆಗೆದರೆ ಎರಡು ವಾರ ಸರಿಯಾಗಿರುತ್ತದೆ. ಮೂರನೆಯ ವಾರ ಮತ್ತದೇ ರಾಗ. ಆಗ ಪುನಃ ಏರ್ ತೆಗೆಯುವುದು ಸೋರುವ ಮಾಳಿಗೆಯ ಕೆಳಗೆ ಪಾತ್ರೆಯಿಟ್ಟು, ತುಂಬಿದಾಗಲೆಲ್ಲ ಚೆಲ್ಲಿ ಬಂದಂತೆ. ಗಾಳಿ ಬಂದದ್ದೆಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಸಿಕ್ಕದೆ ಪಾನಾ ಹಿಡಿಯುವುದರಲ್ಲಿ ಅರ್ಥವಿಲ್ಲ.

ಉತ್ತರದ ಬಹುಪಾಲನ್ನು ಪೆಡಲೇ ಹೇಳುತ್ತದೆ. ನಿಂತ ವ್ಯಾನಿನಲ್ಲಿ ಕುಳಿತು ಒತ್ತಿದಾಗ ಅದು ಬಹಳ ಕೆಳಗಿಳಿದರೂ, ಕೂಡಲೇ ಎರಡನೆಯ ಸಲ ಒತ್ತಿದಾಗ ಮೇಲೆಯೇ ನಿಂತು ಗಟ್ಟಿಯಾದರೆ, ದೋಷ ಬಹುಮಟ್ಟಿಗೆ ಲೈನರಿನದು; ಸವೆದು ಡ್ರಮ್ಮಿನಿಂದ ದೂರ ಸರಿದಿರುವ ಅದನ್ನು ಹತ್ತಿರ ತಂದು ಹೊಂದಿಸಬೇಕು, ಇಲ್ಲವೆ ಬದಲಾಯಿಸಬೇಕು. ಎಷ್ಟು ಒತ್ತಿದರೂ ಸ್ಪಂಜಿನಂತೆ ಪುಟಿದರೆ ಗಾಳಿ. ಒತ್ತಿ ಹಿಡಿದಾಗ ಮೊದಲು ಗಟ್ಟಿಯಾಗಿದ್ದು, ಆಮೇಲೆ ಮೆಲ್ಲಮೆಲ್ಲನೆ ಇಳಿಯುತ್ತ ಹೋದರೆ ಎಲ್ಲಿಯೋ ಸೋರಿಕೆಯಿದೆ. ಚಕ್ರದ ಒಳಬದಿ ಒದ್ದೆಯಿಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಕಪ್ಪೇ ಹೋಗಿದೆಯೆಂದು ತಿಳಿಯಬಹುದು. ಮೂರನೆಯ ಈ ಪೆಡಲಿನ ವ್ಯಾನು ಅಂಗಳವನ್ನು ಬಿಟ್ಟು ಹೊರಡಬಾರದು. ಮಿಸ್ತ್ರಿಯೇ ಮನೆಗೆ ಬರಲಿ. ಡಬ್ಬಿಯಲ್ಲಿ ಆಯಿಲು ಇಳಿದಿದ್ದನ್ನು ಕಂಡೊಡನೆ ಮೇಲೆ ಸುರಿದು ಮುಚ್ಚಳ ಹಾಕುವವರು ಅನೇಕರು. ಆಯಿಲು ಎಂಜಿನ್ನಿನಲ್ಲಿ ಉರಿದು ಹೋಗುವ ಪೆಟ್ರೋಲಲ್ಲ. ಅದು ಇಳಿದಿದ್ದರೆ ಲೈನರು ಸವೆದಿರಬೇಕು ಅಥವಾ ಸೋರಿರಬೇಕು, ಮೂರನೆಯ ದಾರಿಯಿಲ್ಲ.

ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಕೆಲಸಕ್ಕೆ ಇಳಿಯಬಹುದು. ವ್ಯಾನು ಸಮನೆಲದ ಮೇಲೆ ನಿಂತಿರಲಿ, ಚಕ್ರಗಳಿಗೆ ಕಲ್ಲು ಕೊಟ್ಟಿರಲಿ. ಕೈ ತಲುಪಲೆಂದು ಮೇಲೆತ್ತಿದರೆ ಗಟ್ಟಿಯಾದ ಸ್ಟ್ಯಾಂಡಿನ ಆಧಾರ ಕೊಡಬೇಕು. ಬರಿಯ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ತಲೆ ಹಾಕುವುದು ಶೌರ್ಯವಲ್ಲ. ಪ್ರತಿ ಚಕ್ರದ ಹಿಂಬದಿಯಲ್ಲಿ ಸಣ್ಣದೊಂದು ನಿಪ್ಪಲ್ ಇರುತ್ತದೆ. ಹಳೆಯ ವ್ಯಾನಿನಲ್ಲಿ ಮೊದಲ ಜಗಳ ಇದರೊಂದಿಗೇ. ಒಳಗೆ ಟೊಳ್ಳಾದ ಈ ತಿರುಪು ತುಕ್ಕು ಹಿಡಿದು ಕುಳಿತಿದ್ದರೆ, ಸಿಟ್ಟಿನಿಂದ ತಿರುಗಿಸಿದಾಗ ಕತ್ತು ಮುರಿದು ಕೈಗೆ ಬರುತ್ತದೆ. ಆಮೇಲೆ ಇಡೀ ಸಿಲಿಂಡರನ್ನೇ ಬದಲಾಯಿಸಬೇಕಾದೀತು. ಹಿಂದಿನ ರಾತ್ರಿಯೇ ಸುತ್ತ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟಿರುವುದು ಲೇಸು. ಬಾಯ್ದೆರೆದ ಪಾನಾ ಇದರ ಮೂಲೆಗಳನ್ನು ತಿಂದುಹಾಕುತ್ತದೆ. ಸರಿಯಾದ ಅಳತೆಯ ರಿಂಗ್ ಪಾನಾ ಬೇಕು. ಅಷ್ಟಕ್ಕೂ ಸಡಿಲವಾಗದಿದ್ದರೆ ಅಲ್ಲಿಗೇ ಕೈಬಿಟ್ಟು ಮಿಸ್ತ್ರಿಗೆ ಒಪ್ಪಿಸುವುದು ಜಾಣತನ.

ನಿಪ್ಪಲಿಗೆ ಪಾರದರ್ಶಕವಾದ ತೆಳು ಕೊಳವೆಯನ್ನು ಬಿಗಿಯಾಗಿ ತೊಡಿಸಿ, ಅದರ ಇನ್ನೊಂದು ತುದಿಯನ್ನು ಗಾಜಿನ ಸೀಸೆಯಲ್ಲಿ, ಸ್ವಲ್ಪ ಹೊಸ ಆಯಿಲಿನೊಳಗೆ ಮುಳುಗಿಸಿಡಬೇಕು. ಮುಳುಗಿರುವುದರಿಂದ ಹೊರಬಂದ ಗಾಳಿ ಮತ್ತೆ ಒಳಸೇರುವುದಿಲ್ಲ. ಗುಳ್ಳೆಗಳೂ ಕಣ್ಣಿಗೆ ಕಾಣುತ್ತವೆ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭ. ಬಲಬದಿಯಲ್ಲಿ ಚಾಲಕ ಕೂರುವ ನಮ್ಮ ವಾಹನಗಳಲ್ಲಿ ಅದು ಹಿಂದಿನ ಎಡಚಕ್ರ. ಬಳಿಕ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಕೆಲವು ಮಾದರಿಗಳಲ್ಲಿ ಕ್ರಮ ಬೇರೆಯಿರುವುದುಂಟು. ಹಿಂದಿನ ಚಕ್ರಗಳ ಒತ್ತಡವನ್ನು ಹದಮಾಡುವ ಕವಾಟಕ್ಕೇ ಪ್ರತ್ಯೇಕ ನಿಪ್ಪಲ್ ಇರುವ ವ್ಯಾನುಗಳೂ ಉಂಟು. ತಯಾರಕರ ಕೈಪಿಡಿ ಹೇಳಿದ್ದೇ ಪ್ರಮಾಣ.

ಇನ್ನು ಮುಖ್ಯವಾದದ್ದು ಇಬ್ಬರ ಹೊಂದಾಣಿಕೆ. ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತ ತಂದೆಗೆ ಪೆಡಲು ಕಾಣದು. ಸೀಟಿನಲ್ಲಿ ಕುಳಿತ ಮಗಳಿಗೆ ನಿಪ್ಪಲ್ ಕಾಣದು. ಇಬ್ಬರನ್ನೂ ಬೆಸೆಯುವುದು ಮಾತೊಂದೇ. ಕೋಟೆಯ ಸುತ್ತಿನ ಓಣಿಗಳ ಮನೆಯೊಂದರಲ್ಲಿ ಈ ಕೆಲಸ ನಡೆದರೆ ಕೇಳಬಹುದಾದ ಸಂಭಾಷಣೆ ಇಷ್ಟು:

"ಒತ್ತವ್ವಾ."

"ಒತ್ತೀನಪ್ಪಾ."

"ಹಂಗೇ ಹಿಡಿ, ಬಿಡಬ್ಯಾಡ."

"ಅಪ್ಪಾ, ಕಾಲು ಕೆಳಗ ಹೋತು!"

"ಹೋಗ್ಲಿ. ಹಿಡಕೊಂಡೇ ಇರು... ಹಾಂ, ಈಗ ಬಿಡು."

ಒತ್ತಿ ಹಿಡಿದಾಗ ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸುವುದು. ಆಯಿಲು, ಗುಳ್ಳೆಗಳು ಸೀಸೆಗೆ ನುಗ್ಗುತ್ತವೆ, ಕಾಲು ಕೆಳಗಿಳಿಯುತ್ತದೆ. ಕಾಲು ಇನ್ನೂ ಕೆಳಗಿರುವಾಗಲೇ ನಿಪ್ಪಲನ್ನು ಬಿಗಿದು, ಆಮೇಲೆ "ಬಿಡು" ಎನ್ನುವುದು. ಈ ಕ್ರಮ ತಪ್ಪಿ, ನಿಪ್ಪಲ್ ತೆರೆದಿರುವಾಗ ಮಗಳು ಕಾಲೆತ್ತಿದರೆ ಏರ್ಪಾಡು ಗಾಳಿಯನ್ನು ಹೀರುತ್ತದೆ, ಮಾಡಿದ್ದೆಲ್ಲ ಮೊದಲಿಗೆ ಬರುತ್ತದೆ. ಆದ್ದರಿಂದ ಆಜ್ಞೆಯನ್ನು ಕೇಳಿದವರು ಅದನ್ನು ಮರುನುಡಿಯಲೇಬೇಕು. ಅಡಿಗೆಮನೆಯಿಂದ ಯಾರಾದರೂ "ಚಹಾ ಬಿಡಲೇನು?" ಎಂದು ಕೂಗಿ, ಮಗಳು ಕಾಲು ಬಿಟ್ಟಳೆಂದರೆ ತಂದೆಯ ಗತಿ ಏನು!

ಒತ್ತುವುದು ನಿಧಾನವಾಗಿರಲಿ, ದಬದಬನೆ ತುಳಿದರೆ ದೊಡ್ಡ ಗುಳ್ಳೆ ಒಡೆದು ನೂರು ಸಣ್ಣ ಗುಳ್ಳೆಗಳಾಗಿ ಆಯಿಲು ನೊರೆಯಾಗುತ್ತದೆ. ಹಳೆಯ ವ್ಯಾನಿಗೆ ಇನ್ನೊಂದು ಎಚ್ಚರಿಕೆ ಅವಶ್ಯ. ನಿತ್ಯದ ಓಡಾಟದಲ್ಲಿ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ಕೊನೆಯವರೆಗೆ ಹೋಗುವುದೇ ಇಲ್ಲ. ಆ ಭಾಗದ ಗೋಡೆಗೆ ವರ್ಷಗಳ ತುಕ್ಕು, ಕೊಳೆ ಅಂಟಿರುತ್ತದೆ. ಏರ್ ತೆಗೆಯುವಾಗ ಪೆಡಲನ್ನು ನೆಲದವರೆಗೆ ಒತ್ತಿದರೆ ರಬ್ಬರಿನ ಕಪ್ಪು ಆ ಒರಟಿನ ಮೇಲೆ ಉಜ್ಜಿ ಹರಿಯಬಹುದು. ಇದ್ದ ಸಣ್ಣ ದೋಷವನ್ನು ತೆಗೆಯಹೋಗಿ ಇಲ್ಲದ ದೊಡ್ಡ ದೋಷವನ್ನು ತಂದುಕೊಂಡಂತಾಯಿತು. ಪೆಡಲಿನ ಕೆಳಗೆ ಮರದ ತುಂಡೊಂದನ್ನಿಟ್ಟರೆ ಕಾಲು ಅಷ್ಟು ದೂರ ಹೋಗದು, ಖರ್ಚಿಲ್ಲದ ಉಪಾಯ.

ನಾಲ್ಕೈದು ಸಲಕ್ಕೊಮ್ಮೆ ಡಬ್ಬಿಯನ್ನು ನೋಡಿ ಹೊಸ ಆಯಿಲು ತುಂಬುತ್ತಿರಬೇಕು. ಅದೊಮ್ಮೆ ಬರಿದಾದರೆ ಮೇಲಿನಿಂದಲೇ ಗಾಳಿ ನುಗ್ಗುತ್ತದೆ. ಮೊದಮೊದಲು ಬರುವುದು ಕಾಫಿಯ ಡಿಕಾಕ್ಷನ್ನಿನಂತಹ ಕಪ್ಪು ದ್ರವ. ಗುಳ್ಳೆಗಳು ನಿಂತು, ತಿಳಿಯಾದ ಹೊಂಬಣ್ಣದ ಆಯಿಲು ಬಂದಾಗ ಆ ಚಕ್ರ ಮುಗಿಯಿತು. ಸೀಸೆಗೆ ಬಿದ್ದದ್ದನ್ನು, ಎಷ್ಟೇ ತಿಳಿಯಾಗಿ ಕಂಡರೂ, ಮತ್ತೆ ಡಬ್ಬಿಗೆ ಸುರಿಯಬಾರದು. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಗುರುತಿನ ಆಯಿಲನ್ನೇ ಕೊಳ್ಳಬೇಕು. ಡಾಟ್ 5 ಎಂಬುದು ಸಿಲಿಕೋನಿನದು, ಡಾಟ್ 3 ಮತ್ತು 4ರೊಡನೆ ಕೂಡದು. ಎಂಜಿನ್ ಆಯಿಲನ್ನಂತೂ ಒಂದು ತೊಟ್ಟೂ ಹಾಕಬಾರದು. ಒಳಗಿನ ರಬ್ಬರೆಲ್ಲ ಉಬ್ಬಿ, ಮಾಸ್ಟರ್ ಸಿಲಿಂಡರಿನಿಂದ ಚಕ್ರದವರೆಗೆ ಎಲ್ಲವನ್ನೂ ಬದಲಾಯಿಸಬೇಕಾಗುತ್ತದೆ. ಬ್ರೇಕ್ ಆಯಿಲು ಬಣ್ಣವನ್ನೂ ತಿನ್ನುತ್ತದೆ. ವ್ಯಾನಿನ ಮೈಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿದು ತೊಳೆಯಬೇಕು.

ಹಳೆಯ ವ್ಯಾನುಗಳಲ್ಲಿ ಕೆಲವಕ್ಕೆ ನಾಲ್ಕು ಚಕ್ರಗಳಿಗೂ ಸೇರಿ ಒಂದೇ ಜಾಲ. ಒಂದೆಡೆ ಸೋರಿದರೆ ನಾಲ್ಕೂ ಹೋದಂತೆ. ಬಳಿಕ ಬಂದವುಗಳಲ್ಲಿ ಎರಡು ಜಾಲಗಳಿದ್ದು, ಒಂದು ಹೋದರೂ ಇನ್ನೊಂದು ಅಷ್ಟಿಷ್ಟು ಹಿಡಿಯುತ್ತದೆ. ಹ್ಯಾಂಡ್‌ಬ್ರೇಕು ಮಾತ್ರ ಆಯಿಲಿನ ಹಂಗಿಲ್ಲದೆ ಕೇಬಲ್ಲಿನಿಂದ ಎಳೆಯುವಂಥದು. ಏರ್ ತೆಗೆಯುವ ದಿನವೇ ಅದೂ ಬಿಗಿಯಾಗಿದೆಯೇ ಎಂದು ನೋಡಿಕೊಳ್ಳುವುದು ಒಳಿತು. ಪೆಡಲು ಕೈಕೊಟ್ಟ ದಿನ ಉಳಿಯುವುದು ಅದೊಂದೇ. ಎ.ಬಿ.ಎಸ್. ಇರುವ ಈಚಿನ ವಾಹನಗಳಿಗೆ ಅನೇಕ ವೇಳೆ ಯಂತ್ರದ ನೆರವು ಬೇಕಾಗುವುದರಿಂದ ಅವುಗಳನ್ನು ಅಂಗಳದಲ್ಲಿ ಬಿಚ್ಚುವ ಗೋಜಿಗೆ ಹೋಗಬಾರದು.

ನಾಲ್ಕೂ ನಿಪ್ಪಲುಗಳನ್ನು ಹದವಾಗಿ ಬಿಗಿದು, ರಬ್ಬರಿನ ಟೋಪಿ ತೊಡಿಸಿ, ಮರದ ತುಂಡನ್ನು ತೆಗೆದ ಬಳಿಕ ಪೆಡಲನ್ನು ಬಲವಾಗಿ ಒಂದು ನಿಮಿಷ ಒತ್ತಿ ಹಿಡಿಯಬೇಕು. ಆಗ ಒಬ್ಬರು ಸುತ್ತ ನಡೆದು ಎಲ್ಲಿಯೂ ಒದ್ದೆಯಿಲ್ಲವೆಂದು ನೋಡಬೇಕು. ಆಮೇಲೆ ಎಂಜಿನ್ ಚಾಲೂ ಮಾಡಿ, ಇನ್ನೊಮ್ಮೆ ಒತ್ತಿ ನೋಡಿ, ಮನೆಯ ಮುಂದಿನ ಖಾಲಿ ಓಣಿಯಲ್ಲಿ ಮನುಷ್ಯ ನಡೆಯುವ ವೇಗದಲ್ಲಿ ಹತ್ತಾರು ಸಲ ನಿಲ್ಲಿಸಿ ನೋಡಬೇಕು. ಮಕ್ಕಳನ್ನು ಕೂರಿಸಿಕೊಳ್ಳುವ ಮಾತು ಅನಂತರದ್ದು. ಪೆಡಲಿನ ಬಗ್ಗೆ ಎಳ್ಳಷ್ಟು ಅನುಮಾನ ಉಳಿದರೂ ವ್ಯಾನು ಮನೆಯಲ್ಲಿರಲಿ. ಶಾಲೆಗೆ ಅಂದು ಆಟೋ ಇದೆ, ಬಸ್ಸಿದೆ.

ಸೀಸೆಯಲ್ಲಿ ಉಳಿದ ಕಪ್ಪು ಆಯಿಲು ವಿಷ. ಅದನ್ನು ಚರಂಡಿಗಾಗಲಿ ಗಿಡದ ಬುಡಕ್ಕಾಗಲಿ ಸುರಿಯದೆ, ಗುರುತಿನ ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದಂತಿಟ್ಟು, ಹಳೆಯ ಆಯಿಲನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡಬಹುದು. ಮುಚ್ಚಳ ತೆರೆದ ಹೊಸ ಡಬ್ಬಿಯಲ್ಲಿ ಮಿಕ್ಕದ್ದನ್ನು ಮುಂದಿನ ವರ್ಷಕ್ಕೆಂದು ಕಪಾಟಿನಲ್ಲಿಡುವುದೂ ವ್ಯರ್ಥ. ಅಲ್ಲಿಯೂ ಅದು ತೇವ ಹೀರುತ್ತಲೇ ಇರುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲು ಬದಲಾಗಬೇಕು. ಬದಲಾಯಿಸಿದ ತಾರೀಖನ್ನು ಚೀಟಿಯಲ್ಲಿ ಬರೆದು ಡಬ್ಬಿಯ ಬಳಿ ಅಂಟಿಸಿದರೆ, ಮುಂದಿನ ಸಲ ಬಾನೆಟ್ಟನ್ನೋ ಸೀಟನ್ನೋ ಎತ್ತಿದವರ ಕಣ್ಣಿಗೆ ಅದು ಬೀಳುತ್ತದೆ.